ಮೇಲಕ್ಕೆ ಹತ್ತಿದ ನೋವು

ನರಿನ್ ಪೇಟೆಯ ಆಸ್ಪತ್ರೆಯಿಂದ ಬಂದಾಗಿನಿಂದ ಜಿಬೆಕ್ ಹೊತ್ತು ಸಿಕ್ಕಾಗಲೆಲ್ಲ ಕುದುರೆಲಾಯದ ಹಿಂದೆ ಕಂಬಳಿ ಹಾಸಿ ಬೋರಲು ಮಲಗುತ್ತಿದ್ದಳು. ಸೊಂಟವನ್ನು ನೆಲಕ್ಕೆ ಬಿಟ್ಟು, ಅಂಗೈ ಊರಿ, ಎದೆಯನ್ನಷ್ಟೇ ಮೆಲ್ಲಗೆ ಎತ್ತುವಳು. ಚಿಕಿತ್ಸೆ ಅಂದರೆ ಇಷ್ಟೇ. ಕತ್ತಿ ಬೇಡ, ಸೂಜಿ ಬೇಡ. ಮನೆಯೊಳಗೆ ಮಾಡುವಂತಿರಲಿಲ್ಲ. "ನಮ್ಮನೆ ಹಲ್ಲಿ ಎದ್ದಿತಾ?" ಎಂದು ಅತ್ತೆ ಬುರುಲ್ ನೆಂಟರೆದುರೇ ಕೇಳಿ ನಗಿಸುತ್ತಿದ್ದಳು.

ಚಳಿಗಾಲದಲ್ಲಿ ಕಲ್ಲಿದ್ದಲ ಮೂಟೆ ಎತ್ತಿದಾಗ ಹಿಡಿದ ನೋವು ಅದು. ಸೊಂಟದಿಂದ ಎಡಗಾಲಿನ ಹೆಬ್ಬೆರಳವರೆಗೆ ಕಾದ ತಂತಿ ಎಳೆದಂತಾಗುತ್ತಿತ್ತು. ಹಿಮ ಕರಗಿದರೆ ಮನೆಮಂದಿಯೆಲ್ಲ ಬೆಟ್ಟದ ಹುಲ್ಲುಗಾವಲಿಗೆ ಹೊರಡಬೇಕು. ಅಲ್ಲಿ ಮಂಡಿಯೂರಿ ಕುದುರೆಹಾಲು ಕರೆಯುವುದು ಸೊಸೆಯ ಪಾಲು.

"ಕರೆಯೋಕಾಗದೋಳು ತವರಿಗೆ ಹೋಗ್ಲಿ. ಮಗು ಮಾತ್ರ ನಮ್ದು," ಎಂದು ಬುರುಲ್ ಆಗಲೇ ಹೇಳಿಬಿಟ್ಟಿದ್ದಳು. ಮಗಳು ಎಲ್ನುರಾಗೆ ಇನ್ನೂ ಮಾತು ತೊದಲು.

ಅದಕ್ಕೇ ಜಿಬೆಕ್ ಹಲ್ಲುಕಚ್ಚಿ ಮಲಗಿ ಏಳುತ್ತಿದ್ದಳು. ಆಸ್ಪತ್ರೆಯಲ್ಲಿ ಈ ವ್ಯಾಯಾಮ ಕಲಿಸಿದ ಗೌಹರ್ ಎಚ್ಚರಿಸಿದ್ದಳು: "ನೋವು ಮೊದಲು ಬೆರಳು ಬಿಡುತ್ತೆ, ಆಮೇಲೆ ಮೀನಖಂಡ, ಆಮೇಲೆ ತೊಡೆ. ಕೊನೆಗೆ ಸೊಂಟದಲ್ಲಿ ನಿಂತು ಜೋರಾಗೇ ಕಾಡುತ್ತೆ. ಹೆದರಿ ನಿಲ್ಲಿಸ್ಬೇಡ. ಅದು ವಾಸಿಯಾಗೋ ದಾರಿ."

ಒಂದು ಬೆಳಗ್ಗೆ ಕಾಲಲ್ಲಿ ನೋವೇ ಇರಲಿಲ್ಲ. ಜಿಬೆಕ್ ಸಂತೋಷ ತಡೆಯಲಾರದೆ ಒಲೆಯ ಬಳಿಗೆ ಬಂದಳು. "ಅತ್ತೆ, ಕಾಲು ಬಿಡ್ತು! ಈಗ ನೋವೆಲ್ಲ ಸೊಂಟದಲ್ಲೇ."

ಬುರುಲಳ ಸೌಟು ನಿಂತಿತು. "ಮೇಲಕ್ಕೆ ಬಂತಾ?"

"ಹೂಂ. ಗೌಹರ್ ಹೇಳಿದ್ಲು, ಅದು..."

"ಅಯ್ಯೋ ಪೆದ್ದಿ! ಕೆಟ್ಟದ್ದು ಕಾಲಿಂದ ಇಳಿದು ಹೋಗ್ಬೇಕು ಕಣೇ. ನಿಂದು ಹತ್ತುತಾ ಇದೆ. ಇವತ್ತು ಸೊಂಟ, ನಾಳೆ ಎದೆ. ನಮ್ಮಕ್ಕ ಹೀಗೇ ಹೋದ್ಲು."

ಸೊಸೆಯ ಮೇಲೆ ಅವಳಿಗೆ ಪ್ರೀತಿ ಅಷ್ಟಕ್ಕಷ್ಟೇ. ಆದರೆ ಈ ಭಯ ನಿಜವಾದದ್ದು. ಮಂದೆಯಲ್ಲಿದ್ದ ಒಳ್ಳೆಯ ಟಗರನ್ನೇ ಕೊಯ್ಯಿಸಿದಳು. ಕಾಲು ಮುಂದಾಗಿ ಹುಟ್ಟಿದವನು ತುಳಿದರೆ ನೋವು ಇಳಿಯುತ್ತದೆಂಬ ನಂಬಿಕೆಯಿಂದ ಊರವರ ಬೆನ್ನು ತುಳಿಯುತ್ತಿದ್ದ ಸತಿಬಾಲ್ದಿಗೆ ಹೇಳಿ ಕಳಿಸಿದಳು.

ಜಿಬೆಕ್ ಬೇಡವೆಂದಳು, ಗಂಡನ ತೋಳು ಹಿಡಿದಳು. ತಾಲಾಯ್ ತನ್ನ ಬೂಟು ನೋಡುತ್ತ, "ಅಮ್ಮ ಇಷ್ಟು ಮಾಡ್ತಿದಾಳೆ, ಸುಮ್ನೆ ಮಲಗು," ಎಂದ.

ನೋವು ಹೀರಲೆಂದು ಟಗರಿನ ಇನ್ನೂ ಬಿಸಿಯಿದ್ದ ತೊಗಲಲ್ಲಿ ಅವಳನ್ನು ಸುತ್ತಿ ಬೋರಲು ಮಲಗಿಸಿದರು.

"ಹೆದರ್ಬೇಡ ತಂಗಿ, ನಿಮ್ಮತ್ತೆ ನಾಲಿಗೆಗಿಂತ ನಾನು ಹಗುರ," ಎಂದ ಸತಿಬಾಲ್ದಿ. ಎಲ್ಲರೂ ನಕ್ಕರು. ಅವನು ಹತ್ತಿ ನಿಂತ. ಸೊಂಟದ ಮೇಲೆ ಹಿಮ್ಮಡಿ ಒತ್ತಿ ತಿರುಗಿಸಿದ. ಒಳಗೆ ಏನೋ ಜರುಗಿತು. ಜಿಬೆಕ್ ಕಿರುಚಿದಳು. ಬುರುಲ್ ಅವಳ ತಲೆಯನ್ನು ಅದುಮಿ ಹಿಡಿದು, "ಇಳೀತಾ ಇದೆ, ಬಿಡ್ಬೇಡ!" ಎಂದು ಕೂಗಿದಳು.

ಎಬ್ಬಿಸಿದಾಗ ಕಾಲಲ್ಲಿ ನೋವಿರಲಿಲ್ಲ. ಸೊಂಟದಲ್ಲೂ ಇರಲಿಲ್ಲ. ಬುರುಲ್ ಸಂತೋಷಕ್ಕೆ ಅತ್ತೇಬಿಟ್ಟಳು. ಎಲ್ಲರೂ ಮಾಂಸಕ್ಕೆ ಕೂತರು. ಜಿಬೆಕ್ ಬಾಗಿಲವರೆಗೆ ನಡೆದಳು. ಎಡಪಾದ ಒದ್ದೆ ಬಟ್ಟೆಯಂತೆ ನೆಲಕ್ಕೆ ಬಡಿಯಿತು.

"ಜೋಮು ಹಿಡಿದಿರುತ್ತೆ, ಹೋಗುತ್ತೆ," ಎಂದರು. ಹೋಗಲಿಲ್ಲ. ಹಟಮಾಡಿ ಪೇಟೆಗೆ ಹೋದಾಗ ಗೌಹರ್ ಪಾದದ ಮೇಲೆ ಪಿನ್ನು ಚುಚ್ಚಿದಳು. ಜಿಬೆಕ್ ಕಿಟಕಿಯ ಕಡೆ ನೋಡುತ್ತಿದ್ದಳು. ಅವಳಿಗೆ ಗೊತ್ತೇ ಆಗಲಿಲ್ಲ.

"ನೋವಿಲ್ವಲ್ಲ," ಎಂದಳು ಜಿಬೆಕ್ ಆಸೆಯಿಂದ.

"ಸತ್ತ ನರ ನೋಯಲ್ಲಮ್ಮ. ಇನ್ನು ನನ್ನ ಕೈಲಿಲ್ಲ."

ಲಾರಿಗೆ ಡೇರೆ, ಪಾತ್ರೆ ಏರಿಸುವ ಹೊತ್ತಿಗೆ ಜಿಬೆಕ್ ಕುದುರೆಯ ಹಗ್ಗ ಎಡವಿ ಮೂರನೆಯ ಬಿಂದಿಗೆ ನೀರು ಚೆಲ್ಲಿದ್ದಳು. ಬುರುಲ್ ಬೈಯಲಿಲ್ಲ. "ಈ ಬೇಸಿಗೆ ತವರಲ್ಲಿರು. ಸುಧಾರಿಸ್ಕೋ," ಎಂದು ಎಲ್ನುರಾಳನ್ನು ಎತ್ತಿಕೊಂಡು ಲಾರಿ ಹತ್ತಿದಳು. ತಾಲಾಯ್ ಗಾಡಿ ಬಿಟ್ಟ.

ಮಗು ಕೈಚಾಚಿತು. ಜಿಬೆಕ್ ಲಾರಿಯ ಹಿಂದೆ ಓಡಿದಳು. ಎಡಗಾಲಿನ ಬೆರಳು ಮಣ್ಣಿಗೆ ಕಚ್ಚಿ ಮುಗ್ಗರಿಸಿದಳು, ಎದ್ದು ಮತ್ತೆ ಓಡಿದಳು.

ಬುರುಲಳಿಗೆ ಗಾಬರಿಯಾಯಿತು. ಬಾಗಿ ಕೂಗಿದಳು: "ಓಡ್ಬೇಡ ಮಗಳೇ, ಸೊಂಟ ಜೋಪಾನ! ಎಷ್ಟು ಕಷ್ಟಪಟ್ಟು ವಾಸಿ ಮಾಡಿದೀನಿ!"