ಸೊಂಟಕ್ಕೆ ಕಟ್ಟಿದ ಟವೆಲು

"ಓಡಿದರೆ ಏನಾಗುತ್ತೆ ಮೇಡಂ?" ನಿಸರ್ಗ ಕೇಳಿದ.

ಹಾಸನದ ಮೂಳೆ ಡಾಕ್ಟರ್ ಶ್ರೀಗೌರಿ ಸ್ಕ್ಯಾನ್ ಹಾಳೆಯನ್ನು ಬೆಳಕಿಗೆ ಹಿಡಿದು, ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಂಥ ಗೆರೆ ತೋರಿಸಿದರು. "ಓಡಿ ಓಡಿ ಬಿರುಕು ಬಿಟ್ಟಿದೆ. ಇನ್ನೂ ಓಡಿದರೆ ಮುರಿಯುತ್ತೆ. ಎರಡು ತಿಂಗಳು ಓಟ ಬಿಡು."

ಸೇನಾ ಭರ್ತಿಯ ಓಟ ಮುಂದಿನ ತಿಂಗಳಿತ್ತು. ಲಿಖಿತ ಪರೀಕ್ಷೆ ಪಾಸಾಗಿತ್ತು. ಈ ಸಲ ತಪ್ಪಿದರೆ ವಯಸ್ಸು ಮೀರುತ್ತಿತ್ತು. ಅದನ್ನೂ ಹೇಳಿದ.

"ಅದಕ್ಕೆ ನಾನೇನು ಮಾಡ್ಲಪ್ಪ?" ಎಂದರು ಡಾಕ್ಟರು.

ಹಿರೀಸಾವೆಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಫೋನ್ ತೆಗೆದು ಹುಡುಕಿದ. ಬಿರುಕು ಬಿಟ್ಟ ಕಾಲಲ್ಲೇ ಓಡಿ ಗೆದ್ದವರು ಒಂದಿಬ್ಬರು ಸಿಕ್ಕರು. ಮುರಿದುಕೊಂಡವರು ಯಾರೂ ವಿಡಿಯೋ ಹಾಕಿರಲಿಲ್ಲ.

ಅವ್ವ ಲಕ್ಕಮ್ಮ ಸ್ಕ್ಯಾನ್ ನೋಡಲೇ ಇಲ್ಲ. "ಮೂಳೆ ಕೆಟ್ಟಿದ್ರೆ ನಡ್ಕಂಡು ಬತ್ತಿದ್ಯೇನ್ಲಾ? ಉಳುಕು ಕಣ" ಎಂದು ಹರಳೆಣ್ಣೆ ಬಿಸಿ ಮಾಡಿ ನೀವಿದಳು. ನೋವಿಗೆ ಕಣ್ಣಲ್ಲಿ ನೀರು ಬಂತು. ಆದರೂ ಅವನಿಗೆ ಬೇಕಾಗಿದ್ದದ್ದು ಆ ಮಾತೇ.

ಚನ್ನರಾಯಪಟ್ಟಣದ ಮೈದಾನದಲ್ಲಿ ಭರ್ತಿ ಹುಡುಗರನ್ನು ಓಡಿಸುತ್ತಿದ್ದವರು ನಿವೃತ್ತ ಹವಾಲ್ದಾರ್ ಶಿವರಾಜು. ಅವರದೊಂದು ಪದ್ಧತಿ. ಎರಡು ಟವೆಲು ಗಂಟು ಹಾಕಿ, ಒಂದು ತುದಿ ಮುಂದೆ ಓಡುವವನ ಸೊಂಟಕ್ಕೆ, ಇನ್ನೊಂದು ಹಿಂದೆ ಬೀಳುವವನ ಸೊಂಟಕ್ಕೆ ಕಟ್ಟುವುದು. ವರ್ಷದಿಂದ ನಿಸರ್ಗ ಎಳೆದದ್ದು ತನ್ನೂರಿನ ಮೋಹನ್‌ಕುಮಾರನನ್ನು. ಇಬ್ಬರೂ ಒಂದೇ ವಯಸ್ಸಿನವರು. ಮೋಹನನಿಗೂ ಇದೇ ಕೊನೆಯ ಸಲ. ಎಳೆಸಿಕೊಂಡೇ ಅವನ ಓಟ ಸುಧಾರಿಸಿತ್ತು.

ಬಿರುಕು ಎಂದರೆ ಶಿವರಾಜು ಮೈದಾನಕ್ಕೇ ಬಿಡುವುದಿಲ್ಲವೆಂದು ನಿಸರ್ಗನಿಗೆ ಗೊತ್ತಿತ್ತು. ಮರುದಿನ ಕುಂಟುವುದು ಕಂಡು ಅವರು ಕೇಳಿದಾಗ "ಉಳುಕು ಸಾ" ಎಂದ.

"ಅಂಗಾರೆ ತಿರುಗಿಸಿ ಕಟ್ಕಳ್ರೋ. ಇವತ್ತು ಮೋಹನ ಎಳೀಲಿ."

ಮೋಹನನಿಗೆ ಖುಷಿಯೋ ಖುಷಿ. "ವರ್ಷೆಲ್ಲಾ ನಿನ್ ಬಾಲ ಹಿಡ್ಕಂಡ್ ಬಂದೆ. ಇವತ್ತು ನನ್ ಸಗಣಿ ತುಳ್ಕಂಡ್ ಬಾರ್ಲಾ." ಗಂಟು ಬಿಗಿಯುತ್ತಾ ದನಿ ತಗ್ಗಿಸಿದ. "ಡಾಕ್ಟ್ರತ್ರ ಓಗಿದ್ಯಂತೆ. ನಿಜವಾಗ್ಲೂ ಉಳುಕೇನಾ?"

"ಉಳುಕೇ ಕಣ್ಲಾ. ಎಳಿ."

ಮೊದಲ ಸುತ್ತಿನಲ್ಲಿ ಹೆಜ್ಜೆಹೆಜ್ಜೆಗೂ ನೋವಿತ್ತು. ಎರಡನೆಯದರಲ್ಲಿ ಕಾಲು ಬಿಸಿಯಾಗಿ ನೋವು ಇಳಿಯಿತು. ಟವೆಲಿನ ಎಳೆತಕ್ಕೆ ಮೈ ಹಗುರವಾಯಿತು. ಡಾಕ್ಟರು ಸುಮ್ಮನೆ ಹೆದರಿಸಿದರು ಅನ್ನಿಸಿತು. "ಇನ್ನೂ ಜೋರಾಗಿ ಎಳಿಯೋ!" ಎಂದು ಕೂಗಿದ. ಮೋಹನ ಇದ್ದಬದ್ದ ಉಸಿರೆಲ್ಲ ಹಾಕಿದ.

ತಿರುವಿನಲ್ಲಿ ಕಬ್ಬಿನ ಜಲ್ಲೆ ಮುರಿದ ಹಾಗೆ ಸದ್ದಾಯಿತು. ನಿಸರ್ಗ ಕುಸಿದ. ಟವೆಲು ಜಗ್ಗಿ ಮೋಹನ ಹಿಂದಕ್ಕೆ ಹಾರಿ, ಬಲಗೈ ಊರಿ ಬಿದ್ದ. ಇಬ್ಬರೂ ಕಿರುಚಿದರು. ಹುಡುಗರು ಓಡಿ ಬಂದು ಗಂಟು ಬಿಚ್ಚಲು ನೋಡಿದರು. ಅದು ಕಗ್ಗಂಟಾಗಿತ್ತು. ಶಿವರಾಜು ಗೇಟಿನ ಬಳಿಯ ಎಳನೀರಿನವನ ಮಚ್ಚು ತಂದು ನಡುವೆ ಕತ್ತರಿಸಿದರು.

ಹಾಸನದಲ್ಲಿ ಅದೇ ಡಾಕ್ಟರು. ನಿಸರ್ಗನ ಕಾಲು ನೋಡಿ ಬೈಯಲಿಲ್ಲ. "ಮುರಿಯುತ್ತೆ ಅಂತ ಹೇಳಿರಲಿಲ್ವಾ?" ಎಂದಷ್ಟೇ ಕೇಳಿ, ಆಪರೇಷನ್ನಿಗೆ ಬರೆದು ಹೋದರು.

ಪಕ್ಕದ ಬೆಂಚಿನ ಮೇಲೆ ಮೋಹನ ಕೂತಿದ್ದ. ಮಣಿಕಟ್ಟು ಮುರಿದು ಕೈಗೆ ಪ್ಲಾಸ್ಟರ್ ಕಟ್ಟು ಬಿದ್ದಿತ್ತು. ಅವನ ಓಟದ ಕಾಲುಗಳು ಚೆನ್ನಾಗೇ ಇದ್ದವು. ಆದರೆ ಭರ್ತಿಯಲ್ಲಿ ಓಟ ಮುಗಿದ ಮೇಲೆ ಕಂಬಿಗೆ ಜೋತುಬಿದ್ದು ಎರಡೂ ಕೈಯಿಂದ ಮೈ ಎತ್ತಬೇಕು.

"ಮೊದ್ಲೇ ಹೇಳಿದ್ರಾ?"

"ಹೂಂ."

"ಗೊತ್ತಿದ್ದೂ ನನ್ ಸೊಂಟಕ್ಕೆ ಕಟ್ಕಂಡ್ಯಾ?"

"ಹೇಳಿದ್ರೆ ನೀನು ಕಟ್ಟುಸ್ಕತ್ತಿರ್ಲಿಲ್ಲ."

"ಊಂ. ಕಟ್ಟುಸ್ಕತ್ತಿರ್ಲಿಲ್ಲ."

ಮೋಹನನ ಸೊಂಟದಲ್ಲಿ ಕತ್ತರಿಸಿದ ಟವೆಲಿನ ತುಂಡು ಹಾಗೇ ಇತ್ತು. ಎಡಗೈಯಲ್ಲಿ ಗಂಟು ಕೀಳಲು ನೋಡಿದ, ಆಗಲಿಲ್ಲ. ಹಲ್ಲು ಕಚ್ಚಿ ಮತ್ತೆ ಎಳೆದ.

"ಇತ್ಲಾಗ್ ಬಾ, ಬಿಚ್ತೀನಿ" ಎಂದ ನಿಸರ್ಗ.

ಮೋಹನ ಎದ್ದು, ಅವನ ಮಂಚ ಬಳಸಿ ಬಾಗಿಲ ಕಡೆ ನಡೆದ. ಟವೆಲಿನ ತುಂಡು ಹಿಂದೆ ಜೋತಾಡುತ್ತಿತ್ತು.