ಯಾವ ತುದಿ ಮುಂದೆ

ಮೀಟರಿನ ಅಂಕಿಯ ಮುಂದೆ ಇರಬಾರದ ಮೈನಸ್ ಗೆರೆಯೊಂದು ಕಾಣಿಸಿತು. ಯಂತ್ರದ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ಸಂಶೋಧಕಿ ಕಣ್ಣುಜ್ಜಿಕೊಂಡು ಮೂರನೆಯ ಸಲ ಅಳೆದಳು. ಗೆರೆ ಅಲ್ಲೇ ಇತ್ತು.

"ಮೇಸ್ತ್ರಿ, ಸ್ವಲ್ಪ ಇಲ್ಲಿ ಬನ್ನಿ."

ಆ ಪ್ರಯೋಗಾಲಯದ ಯಂತ್ರಗಳನ್ನೆಲ್ಲ ಮೂವತ್ತೊಂದು ವರ್ಷದಿಂದ ಸಾಕಿಕೊಂಡು ಬಂದಿದ್ದ ಮೇಸ್ತ್ರಿ ಕನ್ನಡಕವನ್ನು ಹಣೆಗೇರಿಸಿ ಬಗ್ಗಿದರು.

"ಹೋದ ತಿಂಗಳು ವೈರು ಬದಲಾಯಿಸಿದ್ರಲ್ಲ, ಕೆಂಪು ಕಪ್ಪಿನ ಜಾಗಕ್ಕೆ ಹೋಗಿದೆ."

"ಹೌದಮ್ಮ, ನಾನೇ ಹಾಕಿದ್ದು. ಕೆಂಪು ವೈರು ಗಿಡ್ಡ ಬಿತ್ತು, ಹತ್ತಿರದ ತುದಿಗೆ ಸಿಗಿಸ್ದೆ. ಯಾಕೆ, ಕರೆಂಟು ಬರ್ತಿಲ್ವಾ?"

ಕರೆಂಟೇನೋ ಧಾರಾಳವಾಗಿ ಬರುತ್ತಿತ್ತು. ನಾಲ್ಕು ವರ್ಷದಿಂದ ಅವಳು ಬೆನ್ನು ಹತ್ತಿದ್ದು ಒಂದೇ ಸಂಗತಿಯನ್ನು. ಒಂದು ತುದಿಯಲ್ಲಿ ನೈಟ್ರೋಜನ್, ಇನ್ನೊಂದರಲ್ಲಿ ಆಮ್ಲಜನಕ ಇರುವ ಪುಟ್ಟ ಅಣು ಪ್ಲಾಟಿನಂ ತಗಡಿಗೆ ಬಡಿದಾಗ, ಯಾವ ತುದಿ ಮುಂದಿದ್ದರೆ ಅಂಟಿಕೊಳ್ಳುತ್ತದೆ, ಯಾವುದು ಮುಂದಿದ್ದರೆ ಪುಟಿದು ವಾಪಸಾಗುತ್ತದೆ? ಅಣುಗಳ ಮುಖ ತಿರುಗಿಸುವುದೇ ಆ ಎರಡು ವೈರುಗಳ ಕೆಲಸ. ಅಂಟುವುದು ನೈಟ್ರೋಜನ್ ತುದಿ ಎಂದು ಎಲ್ಲರೂ ಒಪ್ಪಿದ್ದರು. ಹೋದ ತಿಂಗಳು ಅವಳ ಯಂತ್ರದಲ್ಲಿ ಆಮ್ಲಜನಕದ ತುದಿ ಅಂಟಿತ್ತು.

"ಲೋಕಾನೇ ತಲೆಕೆಳಗು ಮಾಡಿದೆಯಲ್ಲಮ್ಮ!" ಎಂದು ಅವಳ ಗೈಡು ಕುರ್ಚಿಯಿಂದ ಜಿಗಿದೆದ್ದಿದ್ದರು. ಕಂಡಕಂಡವರಿಗೆಲ್ಲ ಪತ್ರ ಬರೆದಿದ್ದರು. ತಮ್ಮ ಅತ್ತೆಗೂ ಹೇಳಿದ್ದರಂತೆ. ತಲೆಕೆಳಗಾದದ್ದು ಎರಡು ವೈರು ಎಂದು ಈಗ ಗೊತ್ತಾಗಿತ್ತು. ಇನ್ನು ಅರ್ಧ ಗಂಟೆಯಲ್ಲಿ, ಈ ಅಣುವಿನ ಲೆಕ್ಕದಲ್ಲೇ ಕೂದಲು ಬೆಳ್ಳಗಾಗಿಸಿಕೊಂಡ ಹಿರಿಯ ವಿಜ್ಞಾನಿಯೊಬ್ಬರು ಆ ಫಲಿತಾಂಶವನ್ನು ಕಣ್ಣಾರೆ ನೋಡಲು ಬರುವವರಿದ್ದರು. ನೈಟ್ರೋಜನ್ ತುದಿ ಎಂದು ಮೊದಲು ಹೇಳಿದ್ದೇ ಆಕೆ.

ವಿಷಯ ತಿಳಿದ ಮೇಸ್ತ್ರಿಯ ಮುಖ ಸಪ್ಪಗಾಯಿತು. "ಬರೋ ತಿಂಗಳು ನನ್ನ ರಿಟೈರ್‌ಮೆಂಟು ಕಣಮ್ಮ. ಸದ್ದಿಲ್ದೆ ತಿರುಗಿಸಿಬಿಡ್ಲಾ? ಯಾರಿಗೂ ಗೊತ್ತಾಗಲ್ಲ."

"ಅಣುಗೆ ಗೊತ್ತಾಗುತ್ತಲ್ಲ ಮೇಸ್ತ್ರಿ."

ಗೈಡು ತಮ್ಮ ಕೋಣೆಯಲ್ಲಿ ಬೀರುವಿನ ಗಾಜಿನಲ್ಲಿ ನೋಡಿಕೊಂಡು ಟೈ ಕಟ್ಟುತ್ತಿದ್ದರು. "ಸರ್, ವೈರು ಅದಲುಬದಲಾಗಿತ್ತು. ನೋಡದೆ ನಂಬಿದ್ದು ನನ್ನ ತಪ್ಪು" ಎಂದು ಅವಳು ಒಂದೇ ಉಸಿರಿಗೆ ಹೇಳಿದಳು.

"ಎಷ್ಟು ಅದಲುಬದಲು?"

"ಇರೋದೇ ಎರಡು ವೈರು ಸರ್. ಪೂರ್ತಿ."

ಗೈಡು ಟೈ ಹಿಡಿದುಕೊಂಡೇ ಕುಸಿದು ಕೂತರು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು, ದಪ್ಪ ಫೈಲೊಂದನ್ನು ಎದೆಗವಚಿಕೊಂಡು ಹಿರಿಯ ವಿಜ್ಞಾನಿ ಒಳಗೆ ಬಂದರು. ಹೇಳಿದ್ದಕ್ಕಿಂತ ಇಪ್ಪತ್ತು ನಿಮಿಷ ಮುಂಚೆ.

"ನಿಮ್ಮ ಪತ್ರ ಬಂದ ಮೇಲೆ ಮೂರು ವಾರ ಅನ್ನ ಸೇರಿಲ್ಲ ರೀ. ಕೊನೆಗೂ ಸಿಕ್ತು! ಆಮ್ಲಜನಕದ ತುದೀನೇ ಅಂಟೋದು. ಇಪ್ಪತ್ತು ವರ್ಷ ನಾನು ತಪ್ಪು ಹೇಳ್ಕೊಂಡು ಬಂದಿದ್ದೆ. ನೋಡಿ, ನಲವತ್ತು ಪುಟ ಲೆಕ್ಕ!"

ಗೈಡು ಸಂಶೋಧಕಿಯ ಕಡೆ ನೋಡಿದರು.

"ಮೇಡಂ," ಎಂದಳು ಅವಳು. "ನೀವು ಮೊದಲು ಹೇಳಿದ್ದೇ ಸರಿ ಅನ್ಸುತ್ತೆ. ನಮ್ಮ ವೈರು ಉಲ್ಟಾ ಇತ್ತು."

"ಹಾಗಾದ್ರೆ ಈ ನಲವತ್ತು ಪುಟ?"

ಮುದುಕಿಯ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಹೆದರಿ ಗೈಡು ನೀರು ತರಲು ಎದ್ದರು. ಆಕೆ ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಎಷ್ಟು ಚೆನ್ನಾಗಿ ಕೂಡಿಬಂದಿತ್ತು ಗೊತ್ತೇನ್ರಿ!" ಎಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಡಿಯಮ್ಮ, ಆ ವೈರು ತೋರಿಸು" ಎಂದರು.

ಪ್ರಯೋಗಾಲಯದಲ್ಲಿ ಮೇಸ್ತ್ರಿ ಕರೆಂಟು ಆರಿಸಿ, ಉದ್ದನೆಯ ಕೆಂಪು ವೈರು ಹಿಡಿದು ಕಾಯುತ್ತಿದ್ದರು. ಯಂತ್ರದ ಪಂಪಿನ ಕೆಳಗೆ ಎಣ್ಣೆ ಸೋರಿ ನೆಲ ಜಿಡ್ಡಾಗಿತ್ತು. ಅವರು ಮೊಣಕಾಲೂರಲು ಹಿಂದೆಮುಂದೆ ನೋಡುತ್ತಿದ್ದಾಗ ಆಕೆ ಫೈಲು ಬಿಚ್ಚಿ ಪುಟಗಳನ್ನು ನೆಲಕ್ಕೆ ಹಾಸಿದರು.

"ಅಯ್ಯೋ, ಲೆಕ್ಕ ಮೇಡಂ!"

"ಮಂಡಿ ಊರಿ, ಪರವಾಗಿಲ್ಲ. ಟಾರ್ಚು ನಾನು ಹಿಡಿತೀನಿ."

ಮೇಸ್ತ್ರಿ ಅಂಜುತ್ತಂಜುತ್ತ ಮೊಣಕಾಲೂರಿ ಸ್ಕ್ರೂ ಸಡಿಲಿಸತೊಡಗಿದರು. ಮೇಲಿನ ಹಾಳೆಯ ಅಂಚಿನಿಂದ ಎಣ್ಣೆ ನಿಧಾನವಾಗಿ ಹರಡಿತು. ಅದು ಹರಡಿದಲ್ಲೆಲ್ಲ ಕಾಗದ ಅರೆಪಾರದರ್ಶಕವಾಗಿ, ಅಡಿಯ ಪುಟದ ಅಕ್ಷರಗಳು ಒಂದೊಂದಾಗಿ ಮೇಲೆ ಕಾಣತೊಡಗಿದವು.