ಮಾರಮ್ಮನ ಬೆಳ್ಳಿ ಕಣ್ಣು

ಹದಿನಾರು ವರ್ಷದಿಂದ ಆಂಜಿನಪ್ಪ ದೇವರನ್ನು ಕೆತ್ತುತ್ತಿದ್ದ. ಒಂದು ದೇವರ ಪೀಠದ ಮೇಲೂ ಅವನ ಹೆಸರಿರಲಿಲ್ಲ. ಬೆಳಗ್ಗೆ ಆರೂವರೆ ಬಸ್ಸಿಗೆ ಪೇಟೆಯ ಕೋಡಿ ಕಾಲನಿಯಿಂದ ವಿಗ್ರಹ ಕೆತ್ತುವವರ ಊರಾದ ಶಿವಾರಪಟ್ಟಣಕ್ಕೆ ಹೋಗುತ್ತಿದ್ದ. ಯಾರದೋ ಷೆಡ್ಡಿನಲ್ಲಿ ಕೂತು ಯಾರದೋ ಕಲ್ಲಿಗೆ ಉಳಿ ಹಿಡಿಯುತ್ತಿದ್ದ. ಸಂಜೆ ತಲೆಗೂದಲೆಲ್ಲ ಬೆಳ್ಳಗೆ ಮಾಡಿಕೊಂಡು ವಾಪಸಾಗುತ್ತಿದ್ದ. ಕಟಿಂಗ್ ಮಷೀನಿನ ಧೂಳು ಎದೆಗಿಳಿದು ಕೆಮ್ಮು ಹತ್ತಿತ್ತು. ಮನೆಗೆ ಬಂದರೆ ಮೈ ತೊಳೆಯಲು ನೀರಿಲ್ಲ. ಕೆರೆಯ ಕೋಡಿ ಪಕ್ಕದಲ್ಲೇ ಮನೆ, ನಲ್ಲಿಯಲ್ಲಿ ಮಾತ್ರ ಒಂಬತ್ತು ದಿನಕ್ಕೊಮ್ಮೆ ನೀರು. ಎಂಥ ಚೆಂದ ನೋಡಿ! ದೇವರಿಗೆ ಅಭಿಷೇಕಕ್ಕೆ ಸುರಿಯುವಷ್ಟು ನೀರು ದೇವರನ್ನು ಮಾಡಿದವನಿಗೆ ಸ್ನಾನಕ್ಕೆ ಸಿಗುತ್ತಿರಲಿಲ್ಲ.

ಈ ನೀರಿಗಾಗಿ ಪುರಸಭೆಯ ಮುಂದೆ ಖಾಲಿ ಬಿಂದಿಗೆ ಇಟ್ಟುಕೊಂಡು ಕೂತವಳು ಚಿಕ್ಕಗಂಗಮ್ಮ. ಇಪ್ಪತ್ತೆರಡು ವರ್ಷ ಪೇಟೆಯ ಬೀದಿ ಗುಡಿಸಿದ ಹೆಂಗಸು. ಕಾಲನಿಯ ಎಪ್ಪತ್ತು ಮನೆಗೆ ಹಕ್ಕುಪತ್ರ ಕೊಡಿ ಎಂದು ಅರ್ಜಿ ಹಿಡಿದು ಅಲೆದವಳೂ ಅವಳೇ. ಪುರಸಭೆ ಚುನಾವಣೆ ಬಂತು, ವಾರ್ಡು ಹೆಂಗಸರಿಗೆ ಮೀಸಲಾಯಿತು. "ನೀನೇ ನಿಂತ್ಕೊಳಕ್ಕಾ" ಎಂದು ಮೊದಲು ಹೇಳಿದವನು ಆಂಜಿನಪ್ಪ. ಅವಳು ನಾಮಪತ್ರ ಕೊಡುವ ದಿನ ಕೂಲಿ ಬಿಟ್ಟು ಜೊತೆಗೆ ಹೋಗಿದ್ದ. ಈ ಮಾತು ನೆನಪಿಟ್ಟುಕೊಳ್ಳಿ.

ಎದುರಿಗೆ ನಿಂತವಳು ಶ್ವೇತ. ಪೋಸ್ಟರಿನಲ್ಲಿ ಕೈಮುಗಿದು ನಗುತ್ತಿದ್ದಳು. ಪಾಪ, ಅವಳ ದನಿಯನ್ನು ವಾರ್ಡಿನಲ್ಲಿ ಒಬ್ಬರೂ ಕೇಳಿರಲಿಲ್ಲ. ಮನೆಮನೆಗೆ ಬಂದು ಓಟು ಕೇಳುತ್ತಿದ್ದವನು ಅವಳ ಗಂಡ ಮುನಿಕೃಷ್ಣ. ಕೆರೆಯ ಆಚೆ ಅವನದೊಂದು ದೊಡ್ಡ ಲೇಔಟು. ಅದಕ್ಕೆ ಸರಿಯಾದ ದಾರಿ ಇರಲಿಲ್ಲ. ದಾರಿ ಬೇಕೆಂದರೆ ಕಾಲನಿಯ ಮುಂದಿನ ಸಾಲಿನ ಮನೆಗಳು ಏಳಬೇಕು. ಇದು ಕಾಲನಿಯ ಕೋಳಿಗೂ ಗೊತ್ತಿತ್ತು. ಹಾಗಾಗಿ ಅವನ ಕುಕ್ಕರ್, ಸೀರೆ ಎಲ್ಲ ಇಸಕೊಂಡು, ಓಟು ಮಾತ್ರ ಚಿಕ್ಕಗಂಗಮ್ಮನಿಗೇ ಎಂದು ಜನ ಒಳಗೊಳಗೇ ನಗುತ್ತಿದ್ದರು.

ಆ ನಗು ಮುನಿಕೃಷ್ಣನಿಗೂ ಕೇಳಿಸಿತ್ತು. ಒಂದು ದಿನ ಶಿವಾರಪಟ್ಟಣದ ಷೆಡ್ಡಿಗೇ ಬಂದ.

"ಆಂಜಿನಪ್ಪ, ನಿಮ್ ಬೇವಿನ ಮರದ ಕೆಳಗೆ ಮಾರಮ್ಮ ಅಂತ ಗುಂಡುಕಲ್ಲು ಮಡಗಿದೀರಲ್ಲ. ಎಷ್ಟ್ ದಿನ ಅಂತ ಅದಕ್ಕೇ ಕೈ ಮುಗೀತೀರ? ನಾನೊಂದು ವಿಗ್ರಹ ಕೊಡ್ತೀನಿ. ನೀನೇ ಕೆತ್ತು. ಪೀಠದ ಮೇಲೆ ನಿನ್ ಹೆಸರೇ ಹಾಕು."

ಆಂಜಿನಪ್ಪನ ಕೈ ತಟ್ಟನೆ ನಿಂತಿತು. "ನನ್ ಹೆಸರಾ?"

"ಇನ್ಯಾರ್ದು? ಚೆನ್ನಾಗ್ ಬಂದ್ರೆ ಲೇಔಟ್ ಬಾಗಿಲಿಗೆ ಹತ್ತಡಿ ಆಂಜನೇಯನೂ ನಿಂದೇ. ಷೆಡ್ಡಿಗೆ ಜಾಗ ಕೊಡ್ತೀನಿ ಕಣೋ. ಎಷ್ಟ್ ದಿನ ಕೂಲಿ ಮಾಡ್ತೀಯ?"

ಹದಿನಾರು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಊಟ ನಿದ್ದೆ ಬಿಟ್ಟು ಕೆತ್ತಿದ. ಮಾರಮ್ಮ ನಿಜಕ್ಕೂ ಲಕ್ಷಣವಾಗಿ ಮೂಡಿಬಂದಳು. ಪೀಠದ ಬಲಗಡೆ 'ಶಿಲ್ಪಿ ಆಂಜಿನಪ್ಪ, ಕೋಡಿ ಕಾಲನಿ' ಎಂದು ಕೊರೆದು, ಬೆರಳಿನಿಂದ ಮೂರು ಸಲ ಸವರಿ ನೋಡಿಕೊಂಡ. ಕಣ್ಣು ಮಾತ್ರ ಬಾಕಿಯಿತ್ತು.

ವಿಗ್ರಹ ಕೆತ್ತುವವರಲ್ಲಿ ಒಂದು ಕಟ್ಟುಪಾಡಿದೆ. ಮೂಗು, ತುಟಿ, ಬೆರಳು ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಕಣ್ಣು. ಅದನ್ನು ಷೆಡ್ಡಿನಲ್ಲಿ ಬಿಡಿಸುವುದಿಲ್ಲ. ದೇವರು ನೆಲೆ ನಿಲ್ಲುವ ಜಾಗದಲ್ಲಿ ಪರದೆ ಕಟ್ಟಿ, ಎದುರಿಗೆ ಕನ್ನಡಿ ಹಿಡಿದು, ತಾನು ಪಕ್ಕಕ್ಕೆ ಸರಿದು ನಿಂತು ಬಿಡಿಸಬೇಕು. ದೇವರ ಮೊದಲ ನೋಟ ಬಲು ಉಗ್ರ, ಅದು ಮನುಷ್ಯರ ಮೇಲೆ ಬೀಳಬಾರದು ಎನ್ನುತ್ತಾರೆ. ಕಣ್ಣು ಬಿಡಿಸುವ ತನಕ ಅದು ಬರೀ ಕಲ್ಲು. ಕೆತ್ತುವವನು ಅದರ ಮೇಲೇ ಕೂತು ಬೀಡಿ ಸೇದಬಹುದು, ತಪ್ಪಿಲ್ಲ.

ಮತದಾನಕ್ಕೆ ಮೂರು ದಿನ ಇದೆ ಎನ್ನುವಾಗ ಮುನಿಕೃಷ್ಣ ಟೆಂಪೋ ತಂದ.

"ಇನ್ನೂ ಕಣ್ಣು ಬಿಡ್ಸಿಲ್ಲಣ್ಣ. ಮುಹೂರ್ತ ನೋಡ್ಬೇಕು, ಪೂಜಾರಿ ಬರ್ಬೇಕು."

"ಮುಹೂರ್ತ ಎಲೆಕ್ಷನ್ ಆದ್ಮೇಲೆ ನೋಡಾನ. ಈಗ ಇದನ್ನ ಅಂಟ್ಸು." ಮುನಿಕೃಷ್ಣ ಜೇಬಿನಿಂದ ಪೊಟ್ಟಣ ತೆಗೆದ. ಒಳಗೆ ಒಂದು ಜೊತೆ ಬೆಳ್ಳಿ ಕಣ್ಣು.

ಆಂಜಿನಪ್ಪ ಮೇಣ ಕಾಯಿಸಿ ಅಂಟಿಸಿದ. ಇಷ್ಟೇನು ಅವಸರ ಎಂದು ಕೇಳಲಿಲ್ಲ. ಕೇಳಬೇಕಿತ್ತು.

ಅವತ್ತು ಸಂಜೆ ಬೇವಿನ ಮರದ ಕೆಳಗೆ ದೀಪ ಹಚ್ಚಿದರು. ಬೆಳ್ಳಿ ಕಣ್ಣು ಫಳಫಳ ಹೊಳೆಯಿತು. "ಅಮ್ಮಾ ತಲ್ಲೀ!" ಎಂದು ಮುದುಕಿ ಬೈರಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ಮಂಗಳಾರತಿ ಮುಗಿದದ್ದೇ ತಡ, ಮುನಿಕೃಷ್ಣನ ಹುಡುಗರು ಬೀದಿಯ ಎರಡೂ ಕಡೆ ಅಡ್ಡ ನಿಂತರು. ಮನೆಗೊಬ್ಬರಂತೆ ಕರೆದರು. ಅಮ್ಮನ ಪಾದ ಮುಟ್ಟಬೇಕು, ಶ್ವೇತಮ್ಮನಿಗೇ ಓಟು ಹಾಕ್ತೀನಿ, ತಪ್ಪಿದ್ರೆ ಅಮ್ಮ ನನ್ನ ಮಕ್ಕಳನ್ನ ತಗೊಳ್ಳಲಿ ಎನ್ನಬೇಕು.

ಬಳೆ ಮಾರುವ ನೂರ್ಜಹಾನ್ ಹಿಂದೆ ಸರಿದಳು. "ನಮ್ಮಲ್ಲಿ ಇದೆಲ್ಲ ಇಲ್ಲ ಭಾಯ್."

"ಹಂಗಾದ್ರೆ ಮಗಳ ತಲೆ ಮುಟ್ಟಿ ಹೇಳು" ಎಂದ ಮುನಿಕೃಷ್ಣ. ಪಕ್ಕದಲ್ಲಿ ಏಳು ವರ್ಷದ ನಾಹಿದ್ ಪ್ರಸಾದದ ಪುಳಿಯೋಗರೆ ತಿನ್ನುತ್ತಾ ನಿಂತಿತ್ತು. ನೂರ್ಜಹಾನ್ ಬೀದಿಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಮುಟ್ಟಿ ಹೇಳಿದಳು.

"ಥೂ, ಇದು ಅಮ್ಮನ ಪೂಜೆ ಅಲ್ಲ, ಓಟಿನ ವ್ಯಾಪಾರ ಕಣ್ರೋ! ಯಾರೂ ಮುಟ್ಬೇಡ್ರಿ!" ಚಿಕ್ಕಗಂಗಮ್ಮ ಕೂಗಿದಳು.

"ಸುಮ್ನಿರೇ" ಎಂದು ಬೈರಮ್ಮ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. "ಅಮ್ಮ ನೋಡ್ತಾವ್ಳೆ."

ನೋಡ್ತಿಲ್ಲ. ಹೇಳಬೇಕಿದ್ದದ್ದು ಅಷ್ಟೇ ಮಾತು. ಅದನ್ನು ಹೇಳಬಲ್ಲವನು ಆ ಗುಂಪಿನಲ್ಲಿ ಒಬ್ಬನೇ ಇದ್ದ. ಬಾಯಲ್ಲಿ ಕಡುಬು ತುರುಕಿಕೊಂಡವನ ಹಾಗೆ ನಿಂತಿದ್ದ. ಕಣ್ಣ ಮುಂದೆ ಪೀಠದ ಮೇಲಿನ ಹೆಸರು, ಹತ್ತಡಿ ಆಂಜನೇಯ, ಸ್ವಂತ ಷೆಡ್ಡು. ಮಾತಿನ ಬದಲು ಕೆಮ್ಮು ಬಂತು. ಅವನ ಸರದಿ ಬಂದಾಗ ಅವನೂ ಪಾದ ಮುಟ್ಟಿ ಆಣೆ ಇಟ್ಟ. ಅವನಿಗೇನು, ಅದು ಕಲ್ಲು.

ಮತದಾನದ ದಿನ ನೇರವಾಗಿ ಹೋಗಿ ಚಿಕ್ಕಗಂಗಮ್ಮನಿಗೇ ಓಟು ಒತ್ತಿದ. ನಾನಂತೂ ನನ್ನ ಧರ್ಮ ಬಿಡಲಿಲ್ಲ ಎಂದು ಒಂದು ಗಳಿಗೆ ಎದೆ ಹಗುರಾಯಿತು. ಆಹಾ, ಎಂಥ ಧರ್ಮ! ಊರಿಗೆಲ್ಲ ಕಣ್ಣು ಕಟ್ಟಿ, ತಾನೊಬ್ಬ ಕಣ್ಣು ಬಿಟ್ಟುಕೊಂಡು ದಾರಿ ದಾಟಿದ್ದ.

ಚಿಕ್ಕಗಂಗಮ್ಮ ಮೂವತ್ತೊಂದು ಓಟಿನಿಂದ ಸೋತಳು. ಕಾಲನಿಯ ಬೂತಿನಲ್ಲೇ ಅವಳಿಗೆ ಬಿದ್ದದ್ದು ಹನ್ನೊಂದು. ಪೇಟೆಯಲ್ಲಿ ಪಟಾಕಿ ಹೊಡೆಯುತ್ತಿದ್ದಾಗ ಅವಳು ಆಂಜಿನಪ್ಪನ ಮನೆ ಜಗಲಿಗೆ ಬಂದು ಕೂತಳು. ಅವನ ಹೆಂಡತಿ ಸುನಂದ ಕಾಫಿ ಕೊಟ್ಟಳು.

"ಹನ್ನೊಂದರಲ್ಲಿ ನಿಂದೊಂದು ಅಂತ ನನಗ್ ಗೊತ್ತು ಕಣಪ್ಪಾ" ಎಂದಳು ಚಿಕ್ಕಗಂಗಮ್ಮ. "ಆಣೇನೂ ಲೆಕ್ಕಿಸ್ದೆ ಹಾಕ್ದಲ್ಲ, ನೀನು ಗಂಡಸು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ಹೊಗಳಿಕೆ ಕೇಳಿ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

ಮೂರು ತಿಂಗಳಾಯಿತು. ಹತ್ತಡಿ ಆಂಜನೇಯ ಬೇರೆ ಯಾರದೋ ಷೆಡ್ಡಿಗೆ ಹೋದ. ಕಾಲನಿಯ ಮುಂದಿನ ಸಾಲಿನ ಹದಿನೆಂಟು ಮನೆಗೆ ನೋಟೀಸು ಅಂಟಿತು: ರಸ್ತೆ ಅಗಲ ಮಾಡುತ್ತಾರಂತೆ. ಮಾರಮ್ಮನನ್ನು ಲೇಔಟಿನ ಬಾಗಿಲಿಗೆ ಸಾಗಿಸುತ್ತಾರಂತೆ. ಸೋಮವಾರ ಜೆಸಿಬಿ. ಚಿಕ್ಕಗಂಗಮ್ಮ ಅಡ್ಡ ಕೂರೋಣ ಬನ್ನಿ ಎಂದು ಮನೆಮನೆ ಕದ ತಟ್ಟಿದಳು. ಯಾರೂ ಏಳಲಿಲ್ಲ. ಬೈರಮ್ಮ ಆಗಲೇ ಪಾತ್ರೆ ಗಂಟು ಕಟ್ಟುತ್ತಿದ್ದಳು.

"ಅಮ್ಮನ ಮುಂದೆ ಮಾತು ಕೊಟ್ಟು ನಾವೇ ಗೆಲ್ಸಿದ್ದು. ಈಗ ಅಡ್ಡ ನಿಂತ್ರೆ ಅಮ್ಮ ಸುಮ್ನಿರ್ತಾಳೇನೋ? ನನ್ ಮೊಮ್ಮಕ್ಕಳು ಚೆನ್ನಾಗಿದ್ರೆ ಸಾಕು" ಎಂದಳು ಆಂಜಿನಪ್ಪನಿಗೆ.

ಅವನಿಗೆ ಇನ್ನು ತಡೆಯಲಾಗಲಿಲ್ಲ. ಭಾನುವಾರ ಸಂಜೆ ಎಲ್ಲರನ್ನೂ ಮರದ ಕೆಳಗೆ ಕರೆದ. ಉಳಿಯ ತುದಿಯಿಂದ ಒಂದು ಬೆಳ್ಳಿ ಕಣ್ಣು ಮೀಟಿದ. ಹೆಂಗಸರು ಚೀರಿದರು. ಇನ್ನೊಂದನ್ನೂ ಮೀಟಿದ. ಕೆಳಗೆ ಕಣ್ಣಿರಲಿಲ್ಲ. ನುಣ್ಣನೆಯ ಕಲ್ಲು.

"ಅವತ್ತೂ ಹಿಂಗೇ ಇತ್ತು" ಎಂದ. "ಅಮ್ಮ ನೋಡ್ತಿರ್ಲಿಲ್ಲ. ನನಗ್ ಗೊತ್ತಿತ್ತು. ಹೇಳ್ಲಿಲ್ಲ. ಹೆಸರಿನ ಆಸೆಗೆ, ಷೆಡ್ಡಿನ ಆಸೆಗೆ."

ಬೈರಮ್ಮ ಎದ್ದು ಬಂದು ಅವನ ಕೆನ್ನೆಗೆ ಬಿಗಿದಳು. ಸುನಂದ ಸೆರಗು ಮುಖಕ್ಕೆ ಹಿಡಿದಳು. ನೂರ್ಜಹಾನ್ ಮಾತ್ರ ಮೆಲ್ಲಗೆ ಕೇಳಿದಳು:

"ಅಮ್ಮನ ಕಣ್ಣು ಮುಚ್ಚಿತ್ತು, ಸರಿ ಭಾಯ್. ನಮ್ ನಾಹಿದ್ ಕಣ್ಣು ತೆರೆದೇ ಇತ್ತಲ್ಲ? ಅವಳ ತಲೆ ಮೇಲೆ ಕೈ ಇಟ್ಟೆ ನಾನು. ಅದನ್ನ ಏನ್ ಹಾಕಿ ಮೀಟ್ತೀರ?"

ಆಂಜಿನಪ್ಪ ಕೈಯಲ್ಲಿದ್ದ ಉಳಿ ಕೆಳಗಿಟ್ಟ.

ಚಿಕ್ಕಗಂಗಮ್ಮ ಹತ್ತಿರ ಬಂದು ಆ ಕಣ್ಣಿಲ್ಲದ ಮುಖವನ್ನು ನೋಡಿದಳು. "ಒಂದು ಮಾತು ಕಣೋ. ಅವತ್ತು ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು" ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಇರ್ಲಿ. ಓಟಂತೂ ವಾಪಸ್ ಬರಲ್ಲ. ನಾಳೆ ಕಣ್ಣು ಬಿಡ್ಸು."

"ಪರದೆ, ಕನ್ನಡಿ..."

"ಯಾವ್ದೂ ಬೇಡ. ಮೊದಲ ನೋಟ ಯಾರ್ ಮೇಲೆ ಬೀಳ್ಬೇಕೋ ಅವರ ಮೇಲೇ ಬೀಳ್ಲಿ. ನನಗೆ ಇದ್ರಲ್ಲಿ ನಂಬಿಕೆ ಇಲ್ಲ. ಆದ್ರೆ ನಮ್ ಭಯ ಇಟ್ಕೊಂಡು ಅವ್ರು ಓಟು ಕಿತ್ಕೊಂಡ್ರು. ಅವ್ರ ಭಯ ಎಷ್ಟೈತೋ ನಾವೂ ನೋಡಾನ."

ಬೆಳಗ್ಗೆ ಹಾರೆ ಹಾಕಿ ಮಾರಮ್ಮನನ್ನು ರಸ್ತೆ ಕಡೆ ತಿರುಗಿಸಿದರು. ಹತ್ತು ಗಂಟೆಗೆ ಜೆಸಿಬಿ ಬಂತು. ಮುಂದೆ ಬಿಳಿ ಕಾರಿನಲ್ಲಿ ಮುನಿಕೃಷ್ಣ. ಆಂಜಿನಪ್ಪ ಪಕ್ಕದಲ್ಲಿ ನಿಂತು ಉಳಿಗೆ ಏಟು ಹಾಕುತ್ತಿದ್ದ. ಒಂದು ಕಣ್ಣು ಮೂಡಿತ್ತು. ಜೆಸಿಬಿ ಓಡಿಸುವ ಗೋಪಿ ಅದೇ ಸೀಮೆಯ ಮಾಸ್ತಿ ಊರಿನ ಕಡೆಯವನು. ಕಟ್ಟುಪಾಡು ಅವನಿಗೂ ಗೊತ್ತು. ಕನ್ನಡಿ ಇಲ್ಲದ್ದು ನೋಡಿದ. ಎಂಜಿನ್ ಆಫ್ ಮಾಡಿ ಇಳಿದು, ಗಾಡಿಯ ಹಿಂದೆ ಹೋಗಿ ನಿಂತ.

"ಏನ್ಲಾ ನಿಲ್ಸಿದ್ದು?" ಮುನಿಕೃಷ್ಣ ಅರಚಿದ. "ಹತ್ತೋ ಮೇಲೆ! ಅದು ದೇವ್ರಲ್ಲ, ಬರೀ ಕಲ್ಲು ಕಣೋ ಅದು!"

ಬೀದಿಯಲ್ಲಿದ್ದ ತಲೆಗಳೆಲ್ಲ ಅವನ ಕಡೆ ತಿರುಗಿದವು.

"ಇನ್ನೊಂದ್ಸಲ ಹೇಳಣ್ಣ" ಎಂದಳು ಚಿಕ್ಕಗಂಗಮ್ಮ. "ಗಟ್ಟಿಯಾಗಿ ಹೇಳು. ಆಣೆ ಹಾಕ್ಸಿದ ದಿನ ಯಾಕ್ ಹೇಳ್ಲಿಲ್ಲ?"

ಬೈರಮ್ಮ ಪಾತ್ರೆಯ ಗಂಟು ಹೊತ್ತು ಬಂದು ಜೆಸಿಬಿಯ ಬಕೆಟ್ಟಿನ ಮುಂದೆ ಇಟ್ಟು, ಅದರ ಮೇಲೇ ಕೂತಳು. ಅವಳ ಪಕ್ಕ ಸುನಂದ. ಆಮೇಲೆ ಒಬ್ಬೊಬ್ಬರೇ, ಆಣೆ ಇಟ್ಟವರೆಲ್ಲ. ಕಡೆಗೆ ನೂರ್ಜಹಾನ್ ಮಗಳ ಕೈ ಹಿಡಿದುಕೊಂಡು ಬಂದಳು. ಆಂಜಿನಪ್ಪನ ಕಡೆ ತಿರುಗಿ ಕೂಡ ನೋಡಲಿಲ್ಲ.

ಅವನು ಬಗ್ಗಿ, ಪೀಠದ ಬಲಗಡೆ ತನ್ನ ಹೆಸರಿನ ಮೇಲೆ ಉಳಿ ಇಟ್ಟ. ಸುತ್ತಿಗೆ ಎತ್ತಿದ.

ಚಿಕ್ಕಗಂಗಮ್ಮ ಅವನ ಮಣಿಕಟ್ಟು ಹಿಡಿದಳು.

"ಅಳಿಸ್ಬೇಡ. ಇರ್ಲಿ. ಯಾರ್ ಮಾಡಿದ್ದು ಅಂತ ನಾಳೆ ನಮ್ ಮಕ್ಕಳಿಗೂ ಗೊತ್ತಾಗ್ಲಿ. ಇನ್ನೊಂದ್ ಕಣ್ಣು ಬಾಕಿ ಐತೆ, ಮುಗ್ಸು."